ಬೋರ್ಡು ಬಿಟ್ಟು ಇಳಿಯದ ಹೆಸರು

ಕಂಪೈಲರ್ ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಒಂದು ಸ್ಟೀಲ್ ಡಬ್ಬಿಯನ್ನು ಎಲ್ಲಿಡಲಿ ಎಂದು ಅಡುಗೆಮನೆಯ ನಡುವೆ ನಿಂತುಬಿಡುವವಳು ನಾನು. ಅದಾದರೋ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುತ್ತಲೇ ಯಾರಿಗೆಲ್ಲಿ ಜಾಗವೆಂದು ಗೊತ್ತುಮಾಡಿರುತ್ತದೆ. ಅಳತೆ ಗೊತ್ತಿದ್ದು, ಕೆಲಸ ಮುಗಿದೊಡನೆ ಬೇಡವಾಗುವ ಅಕ್ಷರಗಳಿಗೆ ಸ್ಟ್ಯಾಕ್ ಎಂಬ ತಾತ್ಕಾಲಿಕ ಜಾಗ. ಬೆಳೆಯುವಂಥವಕ್ಕೆ, ಆಮೇಲೂ ಉಳಿಯಬೇಕಾದವಕ್ಕೆ ಹೀಪ್, ಅಂದರೆ ಕೇಳಿ ಪಡೆದು ಮುಗಿದ ಮೇಲೆ ವಾಪಸು ಕೊಡಬೇಕಾದ ಜಾಗ. ಕೆಲವು ಭಾಷೆಗಳಲ್ಲಿ ಈ ತಲೆನೋವು ಕಂಪೈಲರಿನದೇ. ಸಿ ಭಾಷೆಯಲ್ಲಿ ಆ ಭಾಗ್ಯವಿಲ್ಲ. ನಾವು ಹೇಳಿದಲ್ಲಿ ಇಡುತ್ತದೆ, ಹೆಚ್ಚೆಂದರೆ ಗೊಣಗುತ್ತದೆ.

ಹೊಳೆನರಸೀಪುರದಲ್ಲಿ ನಾನು ಪಾಠ ಮಾಡುವ ಕಾಲೇಜಿನ ವಾರ್ಷಿಕೋತ್ಸವಕ್ಕೆ, ಕಟ್ಟಾಯದಿಂದ ಬರುವ ಭವ್ಯ ಎಂಬ ವಿದ್ಯಾರ್ಥಿನಿ ದೀಪದ ಅಕ್ಷರಗಳು ಓಡುವ ಬೋರ್ಡು ಮಾಡಿದ್ದಳು. ಸಿ ಭಾಷೆಯಲ್ಲೇ. ಅವಳ ಪ್ರಾಜೆಕ್ಟಿನ ಅಂಕವೆಲ್ಲ ಅದರ ಮೇಲೆಯೇ ನಿಂತಿತ್ತು. ಮುಖ್ಯ ಅತಿಥಿ ದಂಡಿಗನಹಳ್ಳಿಯ ತೆಂಗಿನಕಾಯಿ ವ್ಯಾಪಾರಿ ಚಿಕ್ಕನಿಂಗೇಗೌಡರು ಗುಂಡಿ ಒತ್ತಿದರು. ಬೋರ್ಡಿನಲ್ಲಿ ಅವರ ಹೆಸರು ಓಡಬೇಕಿತ್ತು, ‘ಚಿಕ್ಕ’ ಎಂದಷ್ಟೇ ಬಂತು. ಮುಂದೆ ಬರೀ ಚೌಕಗಳು, ಕೊನೆಗೊಂದು ಪ್ರಶ್ನೆಯ ಚಿಹ್ನೆ. ಸಭೆ ಗೊಳ್ಳೆಂದಿತು.

“ನಿನ್ನೆ ಸರ್ಯಾಗಿ ಬತ್ತಿತ್ತು ಮೇಡಂ!” ಭವ್ಯಳ ಕಣ್ಣಲ್ಲಿ ನೀರು.

ಅವಳು ಬರೆದದ್ದನ್ನು ನೋಡಿದೆ. ಹೆಸರನ್ನು ಸ್ಟ್ಯಾಕ್‌ನಲ್ಲಿಟ್ಟು, ಫಂಕ್ಷನ್ ಮುಗಿದ ಮೇಲೂ (ಕಾಲೇಜಿನದಲ್ಲ, ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸ ಮಾಡುವ ತುಂಡು) ಅಲ್ಲೇ ಹುಡುಕುತ್ತಿದ್ದಳು. ಅಷ್ಟರಲ್ಲಿ ಆ ಜಾಗದಲ್ಲಿ ಇನ್ಯಾರೋ ಬಂದು ಕೂತಿದ್ದರು. ನಿನ್ನೆ ಯಾರೂ ಬಂದಿರಲಿಲ್ಲ, ಅದೇ ಅದೃಷ್ಟ.

“ಹೀಪ್‌ಗೆ ಹಾಕು,” ಎಂದು ಪಿಸುಗುಟ್ಟಿದೆ.

ಗೌಡರು ಮೈಕು ಹಿಡಿದರು. “ಗಾಬ್ರಿ ಬೀಳ್ಬ್ಯಾಡ ಕಣವ್ವ. ನೀನ್ ಸರಿ ಮಾಡಾಗಂಟ ನಾನ್ ಮಾತಾಡ್ತಿರ್ತೀನಿ.”

ತೆಂಗಿನ ನುಸಿರೋಗದಿಂದ ಶುರುಮಾಡಿದ ಭಾಷಣ ಕೊಬ್ಬರಿ ಬೆಲೆಗೆ ಬರುವಷ್ಟರಲ್ಲಿ ಹೆಸರು ಪೂರ್ತಿ ಬೆಳಗಿತು. ಚಪ್ಪಾಳೆಯೋ ಚಪ್ಪಾಳೆ. ಪ್ರಿನ್ಸಿಪಾಲರು ಅಲ್ಲೇ ಪೂರ್ತಿ ಅಂಕ ಘೋಷಿಸಿದರು.

ಆಮೇಲೆ ಬಹುಮಾನ ವಿತರಣೆ. ಗೆದ್ದವರ ಹೆಸರು ಬರಬೇಕು, ಬೋರ್ಡಿನಿಂದ ಗೌಡರು ಇಳಿಯುತ್ತಿಲ್ಲ! ಅವಸರದಲ್ಲಿ ಭವ್ಯ ಪ್ರತಿ ಸುತ್ತಿಗೂ ಹೀಪಿನಲ್ಲಿ ಹೊಸ ಜಾಗ ಕೇಳುವಂತೆ ಬರೆದಿದ್ದಳು, ಹಳೆಯದನ್ನು ವಾಪಸು ಕೊಡಿಸಿರಲಿಲ್ಲ. ಜಾಗವೆಲ್ಲ ತುಂಬಿ ಬೋರ್ಡು ಕಲ್ಲಾಗಿತ್ತು. ಪ್ರಿನ್ಸಿಪಾಲರು ಪ್ಲಗ್ಗಿಗೆ ಕೈ ಹಾಕಿದರು.

“ಇರ್ಲಿ ಬುಡಿ ಸಾ,” ಎಂದರು ಗೌಡರು, ಮೀಸೆ ತಿರುವುತ್ತ. “ಚೆನ್ನಾಗೈತೆ.”

ಜಾಗ ಕೊಡುವುದು ಯಾವ ಭಾಷೆಯಲ್ಲೂ ಸುಲಭ. ಏಳಿ ಅನ್ನುವುದೇ ಕಷ್ಟ. ಪ್ರಿನ್ಸಿಪಾಲರು ಕೈ ಹಿಂದೆಗೆದರು.

ಈಗ ಕಾಲೇಜಿನ ಗೋಡೆಯಲ್ಲಿ ಆ ದಿನದ ಫೋಟೋಗಳಿವೆ. ರಂಗೋಲಿ, ಉದ್ದ ಜಿಗಿತ, ಹೆಣ್ಣುಮಕ್ಕಳ ಕಬಡ್ಡಿ: ಎಲ್ಲದರಲ್ಲೂ ಗೆದ್ದವರ ತಲೆಯ ಮೇಲೆ ಚಿಕ್ಕನಿಂಗೇಗೌಡರೇ ಬೆಳಗುತ್ತಿದ್ದಾರೆ. ಭವ್ಯ ಅವನ್ನು ಬಹಳ ಹೊತ್ತು ನೋಡಿ ಕೇಳಿದಳು:

“ಮೇಡಂ, ನನ್ ಮಾರ್ಕ್ಸೂ ಅವ್ರಿಗೇ ಓಗಿಲ್ಲ ತಾನೆ?”