ಭಾವನ ಸ್ಪೀಕರಿಗೊಂದು ಆಂಪ್ಲಿಫೈಯರ್

ಮೊನ್ನೆ ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಫೋನು ಬಿಚ್ಚಿಸಿಕೊಂಡು ನಿಂತಿದ್ದೆ. ಅಂಗಡಿಯಾತ ಬೆಸುಗೆಯ ಬಿಸಿ ಕಡ್ಡಿಯನ್ನು ರಾಳಕ್ಕೆ ತಾಗಿಸಿದ. ಚುರ್ ಎಂದು ಒಂದೆಳೆ ಬಿಳಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಹೋಗಿದ್ದೇ ತಡ, ಕಲ್ಯಾಣದ ಮಾಸ್ತರು ನೆನಪಾದರು. ಫೋನನ್ನು ಅಲ್ಲೇ ಬಿಟ್ಟು ಹೊರಟಿದ್ದೆ. ಅಂಗಡಿಯಾತನೇ ಕರೆದು ಕೊಟ್ಟ.

ಅವರು ಶಾಲೆಯ ಮಾಸ್ತರಲ್ಲ. ವಿಜಾಪುರದ ಕಡೆಯವರು. ಕಲ್ಯಾಣ ಪೂರ್ವದ ಒಂದು ಗಲ್ಲಿಯಲ್ಲಿ ಹಳೆಯ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು. ಇಡೀ ಗಲ್ಲಿ ಅವರನ್ನು ಮಾಸ್ತರ್ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ನಾನು ಅವರನ್ನು ನೋಡಿದ್ದು ಹೆಚ್ಚೆಂದರೆ ನಾಲ್ಕು ಸಲ...

ಅವರ ಬಳಿಗೆ ನನ್ನನ್ನು ಓಡಿಸಿದ್ದು ನನ್ನ ಭಾವನ ಸ್ಪೀಕರುಗಳು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ವಾಶಿಯಲ್ಲಿ ಹೋಟೆಲು ನಡೆಸುತ್ತಿದ್ದವರು. ಹಳೆಯ ಮನೆ ಬಿಟ್ಟು ಖಾರ್ಘರ್‌ನ ಹೊಸ ಫ್ಲ್ಯಾಟ್ ಸಿದ್ಧವಾಗುವ ತನಕ ತಮ್ಮ ಜೋಡಿ ಸ್ಪೀಕರುಗಳನ್ನು ಠಾಕುರ್ಲಿಯ ನಮ್ಮ ಮನೆಯಲ್ಲಿ ಇರಿಸಿದ್ದರು. "ನೀನು ಬೇಕಾದ್ರೆ ಕೇಳು ಮಾರಾಯ. ಆದ್ರೆ ಇದ್ರ ಒಂದು ಸ್ಕ್ರೂ ಸಹ ಬಿಚ್ಚಿದ್ದಲ್ಲ, ಕಂಪೆನಿಯಿಂದ ಬಂದ ಹಾಗೇ ಉಂಟು. ಹಾಗೇ ವಾಪಸ್ ಬರ್ಬೇಕು" ಎಂದಿದ್ದರು. ಹಿಂದೊಮ್ಮೆ ಅವರ ಕ್ಯಾಮೆರಾ ಗೀರು ಬಿದ್ದು ವಾಪಸ್ ಬಂದದ್ದಕ್ಕೆ ಸ್ವಂತ ಚಿಕ್ಕಪ್ಪನ ಮಗನ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟವರು ಅವರು. ಈ ಊರಿನಲ್ಲಿ ನನ್ನ ಹೆಂಡತಿಗೆ ತವರು ಎಂದು ಇದ್ದದ್ದು ಆ ಅಣ್ಣನ ಮನೆ ಒಂದೇ.

ನಾನು ಮೊದಲಿನಿಂದಲೂ ಪುಕ್ಕಲ. ಸ್ಪೀಕರಿಗೆ ಏನೂ ಆಗಬಾರದೆಂದು ಹುಡುಕಿ ಹುಡುಕಿ ಅತಿ ಚಿಕ್ಕ ಆಂಪ್ಲಿಫೈಯರನ್ನೇ ತಂದಿದ್ದೆ. ಶಕ್ತಿ ಕಡಿಮೆಯಾದಷ್ಟೂ ಅಪಾಯ ಕಡಿಮೆ ಎಂಬುದು ನನ್ನ ಲೆಕ್ಕಾಚಾರ. ಮೂರು ವರ್ಷ ಸುಖವಾಗಿ ಕೇಳಿದೆ. ಒಂದು ದಿನ ಬಲಗಡೆಯ ಸ್ಪೀಕರಿನಲ್ಲಿ ತಾಳದ ಸದ್ದು ಕಂಬಳಿ ಹೊದ್ದು ಮಲಗಿದಂತೆ ಕೇಳಿಸತೊಡಗಿತು. ತೀಕ್ಷ್ಣ ಸ್ವರಗಳನ್ನು ನುಡಿಸುವ ಟ್ವೀಟರ್ ಸತ್ತುಹೋಗಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ.

ಅದೇ ವಾರ ಭಾವನ ಫೋನು ಬಂತು. ಹದಿನೈದು ದಿನದಲ್ಲಿ ಹೊಸ ಮನೆಯ ಒಕ್ಕಲು, ಗೃಹಪ್ರವೇಶ, ಸ್ಪೀಕರು ತೆಗೆದುಕೊಂಡು ಬಾ ಎಂದರು. "ಅದಕ್ಕೆ ಹೊಂದುವ ಆಂಪ್ಲಿಫೈಯರ್ ಒಂದು ನೀನೇ ನೋಡಿ ತಾ. ಮೂರು ವರ್ಷ ಕೇಳಿದ್ದೀಯಲ್ಲ, ಅದ್ರ ಗುಣ ನಿನಗೇ ಗೊತ್ತುಂಟು." ಆಯ್ತು ಭಾವ ಎಂದೆ.

ಆಂಪ್ಲಿಫೈಯರ್ ಹುಡುಕಿಕೊಂಡು ಉಲ್ಹಾಸನಗರದ ಎಲೆಕ್ಟ್ರಾನಿಕ್ಸ್ ಬಜಾರಿಗೆ ಹೋದೆ. ಅಲ್ಲಿ ಎಲ್ಲ ಆಂಪ್ಲಿಫೈಯರುಗಳ ಮುಖದ ಮೇಲೂ ಮದುವೆ ಮಂಟಪದ ದೀಪ, ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟು. ತಲೆಕೆಟ್ಟು ವಾಪಸ್ ಬಂದೆ. ರಬಾಳೆಯ ನಮ್ಮ ಆಫೀಸಿನ ಒಬ್ಬರು ಮಾಸ್ತರ ಅಂಗಡಿಯ ಗುರುತು ಹೇಳಿದರು.

ಮಾಸ್ತರು ನನ್ನ ಮಾತು ಪೂರ್ತಿ ಕೇಳಲೇ ಇಲ್ಲ. "ಆಂಪ್ಲಿಫೈಯರ್ ಆಮ್ಯಾಲ ನೋಡೂಣ್ರಿ. ಸ್ಪೀಕರ್ ಎಲ್ಲೈತಿ? ಹುಡುಗಿ ನೋಡದ ಲಗ್ನ ಮಾಡಾಕ ಬಂದೀರೇನು?" ಎಂದರು. ಅದು ಅವರ ಪದ್ಧತಿ. ಸ್ಪೀಕರು ನೋಡದೆ, ಅದು ಇರುವ ಕೋಣೆಯಲ್ಲಿ ಅದನ್ನು ಕೇಳದೆ ಅವರು ಯಾರಿಗೂ ಆಂಪ್ಲಿಫೈಯರ್ ಕೊಡುತ್ತಿರಲಿಲ್ಲ. ಭಾನುವಾರ ನಮ್ಮ ಮನೆಗೇ ಬಂದರು.

ನಮ್ಮದು ಮೂರನೆಯ ಮಾಳಿಗೆ, ಕಿಟಕಿಯ ಕೆಳಗೇ ರೈಲ್ವೆ ಹಳಿ. ಮಾಸ್ತರು ಸ್ಪೀಕರಿನ ಬೆನ್ನಿನ ಚೀಟಿಯಲ್ಲಿ ವಿದ್ಯುತ್ ತಡೆಯ ಅಳತೆಯಾದ ಓಮ್ ಎಷ್ಟೆಂದು ಓದಿ ಕೈಯ ಮೇಲೆ ಬರೆದುಕೊಂಡರು. ಆಮೇಲೆ ಚಹಾ ಹಿಡಿದು ಕೂತು, ದಿನಾ ಹೇಗೆ ಕೇಳುತ್ತೀರೋ ಹಾಗೇ ಕೇಳಿ ಎಂದರು. ಹಾಡು ಹಾಕಿದೆ. ಕಲ್ಯಾಣ ಕಡೆಯಿಂದ ಲೋಕಲ್ ಬಂತು, ಹೋಯಿತು. ಸ್ವಲ್ಪದರಲ್ಲೇ ಇನ್ನೊಂದು.

"ನಿಮ್ಮ ಕೈ ನೋಡ್ರಿ" ಎಂದರು ಮಾಸ್ತರು.

ನೋಡಿದೆ. ನನ್ನ ಕೈ ವಾಲ್ಯೂಮಿನ ಗುಂಡಿಯ ಮೇಲಿತ್ತು, ಗುಂಡಿ ಕೊನೆಯ ತನಕ ತಿರುಗಿತ್ತು. ರೈಲು ಬಂದಾಗಲೆಲ್ಲ ಸದ್ದು ಏರಿಸುವುದು, ಹೋದ ಮೇಲೆ ಇಳಿಸುವುದು. ಅದು ನನ್ನ ಅರಿವಿಗೇ ಬಾರದ ಅಭ್ಯಾಸವಾಗಿಬಿಟ್ಟಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಇವ್ರು ಯಾವಾಗ್ಲೂ ಹಾಗೇ" ಎಂದು ನಕ್ಕಳು.

"ಸಣ್ಣ ಆಂಪ್ಲಿಫೈಯರ್‌ದ ಕುತ್ತಿಗಿ ಹಿಡದು ದಿನಾ ಒದರಿಸೀರಿ. ಶಕ್ತಿ ಮೀರಿ ಒದರಿದ್ರ ದನಿ ಒಡೀತೈತಿ. ಆ ಒಡಕ ದನೀನ ಟ್ವೀಟರ್ ಸುಟ್ಟೈತಿ. ಇದಕ್ಕಿಂತ ದೊಡ್ಡದು ಇದ್ದಿದ್ರ ಅರ್ಧಾ ಗುಂಡಿಗೇ ಆರಾಮ ಹಾಡ್ತಿತ್ತು" ಎಂದರು.

ಹೆಂಡತಿಯ ನಗು ನಿಂತಿತು. "ಸುಟ್ಟಿದೆಯಾ?" ಎಂದಳು. ಆಮೇಲೆ, "ಅಣ್ಣನಿಗೆ?" ಎಂದಳು. ಒಂದು ಸ್ಕ್ರೂ ಸಹ ಬಿಚ್ಚಿಲ್ಲವೆಂದು ಹೇಳಿ ಭಾವ ಕೊಟ್ಟದ್ದನ್ನು ನಾನು ಮಾಸ್ತರಿಗೆ ತಿಳಿಸಿದೆ.

ಮಾಸ್ತರು ನಮ್ಮಿಬ್ಬರನ್ನೂ ನೋಡಿದರು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಟ್ವೀಟರನ್ನು ಹೊರಗೆಳೆದು, ಬೆಸುಗೆ ಇದ್ದ ಜಾಗವನ್ನು ಟಾರ್ಚು ಹಾಕಿ ಬಹಳ ಹೊತ್ತು ನೋಡಿದರು. ಅವರ ಮೀಸೆಯಡಿ ಸಣ್ಣ ನಗು ಕಂಡಂತಾಯಿತು. ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಿ ಕೊಡುತ್ತೀರಾ ಎಂದು ನಾನು ಗೋಗರೆದೆ.

"ಮಾಡಿ ಕೊಡ್ತೀನ್ರಿ. ಗೊತ್ತಾಗಂಗಿಲ್ಲ. ಆದ್ರ ಅವ್ರ ಮನ್ಯಾಗ ವೈರ್ ಹಚ್ಚೂ ಮೊದಲ ನೀವಽ ಬಾಯಿಬಿಟ್ಟು ಹೇಳಬೇಕು, ಹಂಗಿದ್ರ ಅಷ್ಟ ಮಾಡ್ತೀನಿ" ಎಂದರು. "ಹೇಳಿ ನೋಡ್ರಿ. ಏನಾತು ಅಂತ ಬಂದು ನನಗೂ ಹೇಳ್ರಿ." ಹೇಳುತ್ತೇನೆ, ಬಂದು ನಿಮಗೂ ತಿಳಿಸುತ್ತೇನೆ ಎಂದು ಮಾತು ಕೊಟ್ಟೆ.

ಅವರು ಆರಿಸಿದ ಆಂಪ್ಲಿಫೈಯರ್ ನೋಡಲು ಏನೇನೂ ಚೆನ್ನಾಗಿರಲಿಲ್ಲ. ಹಳೆಯದು, ಕಪ್ಪು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಆ ಸ್ಪೀಕರಿನ ಓಮಿಗೆ ಬಿಸಿಯಾಗದೆ ತಡೆಯುತ್ತದೆ, ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಶಕ್ತಿ ಇದೆ, ಆದ್ದರಿಂದ ಎಂದೂ ಕಿರುಚುವುದಿಲ್ಲ ಎಂದರು. ಅಂಗಡಿಯಲ್ಲಿ ಸರಿಮಾಡಿದ ಸ್ಪೀಕರಿಗೆ ಅದನ್ನು ಜೋಡಿಸಿ ಕೇಳಿಸಿದಾಗ, ಮೂರು ವರ್ಷ ನಾನು ಕೇಳಿದ್ದು ಈ ಸ್ಪೀಕರನ್ನೇ ಅಲ್ಲ ಅನ್ನಿಸಿತು.

ಒಕ್ಕಲಿನ ಹಿಂದಿನ ದಿನ ಖಾರ್ಘರ್‌ಗೆ ಹೋದೆವು. ಭಾವ ವೈರು ಹಿಡಿದು ಬಗ್ಗಿದರು. ಹೇಳದಿದ್ದರೂ ನಡೆಯುತ್ತಿತ್ತು, ಸ್ಪೀಕರು ಹೊಸದರಂತೆ ಹಾಡುತ್ತಿತ್ತು... ಆದರೆ ಮಾಸ್ತರಿಗೆ ಕೊಟ್ಟ ಮಾತು ನೆನಪಾಯಿತು. "ಭಾವ, ಬಲಗಡೆಯದ್ದರ ಟ್ವೀಟರ್ ನಾನು ಸುಟ್ಟೆ. ಬದಲಾಯಿಸಿದ್ದು" ಎಂದುಬಿಟ್ಟೆ.

ಭಾವ ವೈರು ಕೆಳಗಿಟ್ಟರು. ಹೆಂಡತಿ ನೆಲ ನೋಡುತ್ತಿದ್ದಳು. ಭಾವ ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ ಬಂದರು.

"ನನ್ನ ಹೆಂಡತಿಗೆ ಕೇಳುವುದು ಬೇಡ" ಎಂದರು ತಗ್ಗಿದ ದನಿಯಲ್ಲಿ. "ಅದೇ ಟ್ವೀಟರ್ ನಾನೇ ಒಮ್ಮೆ ಸುಟ್ಟಿದ್ದೆ ಮಾರಾಯ. ಹೋಟೆಲಿನ ಗಲಾಟೆಯಲ್ಲಿ ಕೇಳುವುದಿಲ್ಲ ಅಂತ ಸೌಂಡ್ ಜಾಸ್ತಿ ಇಟ್ಟು. ನಿನಗೆ ಕೊಡುವ ಮೊದ್ಲು ಬೇರೆ ಹಾಕಿಸಿದ್ದು. ಸ್ಕ್ರೂ ಬಿಚ್ಚಿಲ್ಲ ಅಂದದ್ದೆಲ್ಲ ಸುಳ್ಳು."

ಮೊದಲು ನಕ್ಕದ್ದು ನನ್ನ ಹೆಂಡತಿ. ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎದೆಯ ಮೇಲಿಂದ ಒಂದು ಗೋದ್ರೇಜ್ ಕಪಾಟು ಇಳಿಸಿದಷ್ಟು ಹಗುರಾಯಿತು. ಮಾಸ್ತರು ಟಾರ್ಚು ಹಾಕಿ ನೋಡಿ ನಕ್ಕದ್ದು ಕಂಪೆನಿಯದಲ್ಲದ ಆ ಹಳೆಯ ಬೆಸುಗೆಯನ್ನು ಕಂಡು ಎಂಬುದು ಆಗ ಅರ್ಥವಾಯಿತು. ಅವರಿಗೆ ಅಂದೇ ಎಲ್ಲ ತಿಳಿದಿತ್ತು. ಹೇಳಿದ್ದರೆ ನಾನು ಭಾವನ ಸುಳ್ಳನ್ನು ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದೆನೋ ಏನೋ.

ಅಂದಿನಿಂದ ಭಾವ ನನ್ನ ಮುಂದೆ ಜಂಬ ಕೊಚ್ಚಿದ್ದಿಲ್ಲ, ನಾನು ಅವರಿಗೆ ಹೆದರಿದ್ದಿಲ್ಲ. ನನ್ನ ಹೆಂಡತಿ ಇಂದಿಗೂ ತಿಂಗಳಿಗೊಮ್ಮೆ ತವರಿಗೆಂದು ಖಾರ್ಘರ್‌ಗೆ ಹೋಗುತ್ತಾಳೆ. ಅದನ್ನು ನೆನೆದಾಗಲೆಲ್ಲ ನನಗೆ ಸಮಾಧಾನದ ಉಸಿರು ಬರುತ್ತದೆ.

ಮಾಸ್ತರ ಅಂಗಡಿಗೆ ಮಾತ್ರ ಮರುವಾರವೇ ಹೋಗಬೇಕೆಂದುಕೊಂಡೆ. ಆಫೀಸು, ಮಳೆ, ಗಣಪತಿ ಹಬ್ಬ... ಹೋದದ್ದು ದೀಪಾವಳಿ ಕಳೆದ ಮೇಲೆ. ಶಟರು ಮುಚ್ಚಿತ್ತು. ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸಿ, "ಮಾಸ್ತರ್ ತೋ ಗುಜರ್ ಗಯೇ ಸಾಬ್, ಮಹೀನಾ ಹೋ ಗಯಾ" ಎಂದ. ಮಾಸ್ತರು ತೀರಿಕೊಂಡು ತಿಂಗಳಾಗಿತ್ತು. ಈಗ ಅಲ್ಲಿ ಮೊಬೈಲ್ ಕವರುಗಳನ್ನು ಮಾರುತ್ತಾರೆ.

ಮೊನ್ನೆ ಲೋಕಲ್ಲಿನಲ್ಲಿ ನಿಂತು ಮನೆಗೆ ಬರುವಾಗ ಅವರಿಗೆ ಮನಸ್ಸಿನಲ್ಲೇ ಹೇಳಿದೆ: ಹೇಳಿದೆ ಮಾಸ್ತರೇ, ವೈರು ಹಚ್ಚುವ ಮೊದಲೇ ಹೇಳಿದೆ. ಬಂದು ನಿಮಗೆ ಹೇಳುವುದೊಂದು ಬಾಕಿ ಉಳಿಯಿತು.