ನನ್ನ ಕೈಯಲ್ಲಿ ಮಾತ್ರ ಕಿರುಚುತ್ತಿದ್ದ ಪಿನ್‌ಪಾಯಿಂಟರ್

ದಬ್ಬಳ ಕಳೆದದ್ದು ನನ್ನ ಕೈಯಿಂದಲೇ. ರಾಗಿ ಒಕ್ಕಣೆ ಮುಗಿದಿತ್ತು. ಕೊಟ್ಟಿಗೆಯ ಮುಂದೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಗೋಣಿಚೀಲಗಳ ಬಾಯಿ ಹೊಲಿಯುತ್ತಿದ್ದೆ. ಫೋನ್ ಬಂತು. ನನಗೆ ಫೋನ್ ಬಂದರೆ ಲೋಕ ಮರೆತುಹೋಗುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ಗೋಣಿ ಹೊಲಿಯುವ ಆ ದಪ್ಪ ಸೂಜಿಯನ್ನು ಪಕ್ಕದ ಹುಲ್ಲಿಗೆ ಚುಚ್ಚಿಟ್ಟು, ಎದ್ದು ಹೋಗಿ ಬೇವಿನ ಮರದಡಿ ನಿಂತು ಮಾತಾಡಿದೆ. ಬಂದು ನೋಡುವಷ್ಟರಲ್ಲಿ ನಮ್ಮ ಯಜಮಾನರು ಆ ಹುಲ್ಲನ್ನೆಲ್ಲ ಒಳಕ್ಕೆ ಎಳೆದು ದೊಡ್ಡ ಗುಡ್ಡೆ ಹಾಕಿಬಿಟ್ಟಿದ್ದರು.

ಹಸು ನಮ್ಮ ಹಾಗೆ ಅಗಿದು, ರುಚಿ ನೋಡಿ ನುಂಗುವುದಿಲ್ಲ. ಸಿಕ್ಕಿದ್ದನ್ನು ಮೊದಲು ಒಳಗೆ ತುಂಬಿಕೊಳ್ಳುತ್ತದೆ, ಮೆಲುಕು ಹಾಕುವುದು ಆಮೇಲೆ. ಮೊಳೆಯೋ ತಂತಿಯೋ ಒಳಗೆ ಹೋದರೆ ಎದೆಗೇ ಚುಚ್ಚಿಕೊಳ್ಳುತ್ತದೆ ಎಂಬುದು ನಮ್ಮ ಶಾಂತಿಗ್ರಾಮದ ಕಡೆ ಡೇರಿಗೆ ಹಾಲು ಹಾಕುವ ಎಲ್ಲರಿಗೂ ಗೊತ್ತು. ನನ್ನದೇ ಹಸುವಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಕೊಟ್ಟಿಗೆಯಲ್ಲಿದ್ದದ್ದು ನನ್ನ ವಾರಗಿತ್ತಿಯ ಕಡಸು. ಅವಳು ನಮ್ಮ ಯಜಮಾನರ ತಮ್ಮನ ಹೆಂಡತಿ. ಪಕ್ಕದ ಬಾಗಿಲೇ ಅವಳ ಮನೆ, ಕೊಟ್ಟಿಗೆ ಇಬ್ಬರಿಗೂ ಒಂದೇ. ಮೈದುನ ಹೋಗಿ ಎರಡು ವರ್ಷವಾಗಿತ್ತು. ಚನ್ನರಾಯಪಟ್ಟಣದ ಸಂತೆಯಲ್ಲಿ ಪುಟ್ಟ ಕರುವಾಗಿದ್ದಾಗ ಅವನೇ ಹಿಡಿದು ತಂದದ್ದು ಅದು. ಈಗ ಚೊಚ್ಚಲ ಗಬ್ಬ. ಅದು ಈದರೆ ಡೇರಿಗೆ ಹಾಲು ಹಾಕಿಕೊಂಡು ಯಾರ ಮುಖವನ್ನೂ ನೋಡದೆ ಬದುಕಬಹುದು ಎಂದು ಅವಳು ಕಾಯುತ್ತಿದ್ದಳು.

"ಓಗ್ಲಿ ಬುಡಕ್ಕ, ಇಬ್ರೂ ಕೂತ್ಕಂಡು ಕೈಲೇ ಹುಡುಕಾನ" ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೂ ತಿರುಗಿ ಬೈಯಲು ಒಂದು ದಾರಿ ಸಿಗುತ್ತಿತ್ತು.

ನಾನು ಬಿಡಬೇಕಲ್ಲ. ಹೊಳೆನರಸೀಪುರದಲ್ಲಿ ನನ್ನ ತಮ್ಮನ ಸಾಮಿಲ್ ಇದೆ. ಹಳೇ ಮನೆಯ ತೊಲೆಗಳನ್ನು ಕೊಯ್ಯುವ ಮೊದಲು ಒಳಗೆ ಮೊಳೆ ಇದೆಯೋ ಎಂದು ನೋಡಲು ಅವನ ಹತ್ತಿರ ಒಂದು ಪಿನ್‌ಪಾಯಿಂಟರ್ ಇದೆ. ಕೇಸರಿ ಬಣ್ಣ, ಗೇಣುದ್ದ, ತುದಿ ಚೂಪು, ಥೇಟು ಕ್ಯಾರೆಟ್ಟು. ಲೋಹದ ಹತ್ತಿರ ತುದಿ ಹೋದರೆ ಕೀಂ ಎನ್ನುತ್ತದೆ. ಅವತ್ತೇ ಬೈಕಿನಲ್ಲಿ ತಂದುಕೊಟ್ಟ. ತನ್ನ ಬೀಗದ ಕೈಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು, ಹುಡುಕಿಯೂ ತೋರಿಸಿದ. ಮಿಷಿನ್ ತರಿಸಿದವಳು ನಾನು ಎಂದು ನನಗೆ ಸ್ವಲ್ಪ ಜಂಬವೇ ಬಂತು.

ಮಾರನೆಯ ಬೆಳಿಗ್ಗೆ ಸೆರಗು ಸಿಕ್ಕಿಸಿ ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬಲಗೈಯಲ್ಲಿ ಮಿಷಿನ್ ಹಿಡಿದು, ಎಡಗೈಯಲ್ಲಿ ಹುಲ್ಲು ಬಿಡಿಸುತ್ತ ಬಗ್ಗಿದೆ. ಕೀಂ ಎಂದಿತು. ಸಿಕ್ಕಿತು ಎಂದುಕೊಂಡು ಎಳೆ ಎಳೆ ಬಿಡಿಸಿದರೆ ಏನೂ ಇಲ್ಲ. ಇನ್ನೊಂದು ಕಡೆ ಇಟ್ಟೆ, ಅಲ್ಲೂ ಕೀಂ. ಬರೀ ನೆಲಕ್ಕೆ ಹಿಡಿದರೂ ನನ್ನ ಕಾಲ ಹತ್ತಿರ ಕೀಂ. ಎದ್ದು ನಿಂತು ಗಾಳಿಯಲ್ಲಿ ಹಿಡಿದರೆ ಗಪ್‌ಚುಪ್. ಹೊತ್ತು ಏರುವಷ್ಟರಲ್ಲಿ ನನ್ನ ತಲೆ ಸಿಡಿದುಹೋಗಿತ್ತು.

ತಮ್ಮನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅಕ್ಕನಿಗೆ ಕೆಟ್ಟದ್ದನ್ನು ಸಾಗಹಾಕಿ, ಒಳ್ಳೆಯದನ್ನು ಮಿಲ್ಲಲ್ಲಿ ಇಟ್ಟುಕೊಂಡಿದ್ದೀಯ ಎಂದೂ ಅಂದೆ.

"ಇರೋದೇ ಒಂದು ಕಣಕ್ಕ" ಎಂದ ಪಾಪ. "ಆಫ್ ಮಾಡಿ, ಮೇಲಕ್ಕೆ ಹಿಡ್ಕಂಡು ಆನ್ ಮಾಡು. ಸೆನ್ಸಿಟಿವಿಟಿ ಕಮ್ಮಿ ಮಾಡು. ಫೋನ್ ದೂರ ಇಡು. ವಾಚು ಗೀಚು ಕಟ್ಟಿದ್ಯಾ? ಜೇಬಲ್ಲಿ ಬೀಗದ ಕೈ ಐತಾ?"

"ನಂಗೆಲ್ಲೀ ಜೇಬು ಕಣ್ಲಾ? ಕೈಯೆಲ್ಲಾ ಖಾಲಿ ಐತೆ" ಎಂದೆ.

ಹೇಳಿದ್ದೆಲ್ಲ ಮಾಡಿದೆ. ಬ್ಯಾಟರಿ ಬಿಚ್ಚಿ ಸೆರಗಿನಲ್ಲಿ ಒರೆಸಿ ಹಾಕಿದೆ. ಬಾಯಿಂದ ಊದಿದೆ, ಬಿಸಿಲಿಗಿಟ್ಟೆ. ಸರಿಹೋಗಲಿಲ್ಲ. ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಟಿವಿ ರಿಪೇರಿಯವನಿಗೆ ತೋರಿಸಿದೆ. ಅವನು ಗಾಜಿನ ಮೇಜಿನ ಮೇಲೊಂದು ಸ್ಕ್ರೂ ಇಟ್ಟು ನೋಡಿದ, ತೆಗೆದು ನೋಡಿದ. "ಚೆನ್ನಾಗೈತಲ್ಲಮ್ಮಾ" ಎಂದು ವಾಪಸು ಕೊಟ್ಟ. ಅಂಗಡಿಯಲ್ಲಿದ್ದವರು ನನ್ನನ್ನೇ ನೋಡಿದರು. ಮಿಷಿನ್ನನ್ನು ಚೀಲಕ್ಕೆ ತುರುಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ.

ಇಷ್ಟು ಹೊತ್ತೂ ಕಡಸಿಗೆ ಆ ಹುಲ್ಲು ಹಾಕುವಂತಿಲ್ಲವಲ್ಲ, ವಾರಗಿತ್ತಿ ಹೊಲದಿಂದ ಹಸಿ ಜೋಳದ ಕಡ್ಡಿ ಕುಯ್ದು ತಲೆ ಮೇಲೆ ಹೊತ್ತು ತರುತ್ತಿದ್ದಳು. ನೈಟಿಯ ಮೇಲೆ ಸತ್ತ ಗಂಡನ ಹಳೇ ಶರ್ಟು ಹಾಕಿರುತ್ತಿದ್ದಳು. ಹೊರೆ ಇಳಿಸಿದಾಗೊಮ್ಮೆ, "ನಾನೊಂದ್ ಕಿತ ನೋಡ್ಲೇನಕ್ಕ?" ಎಂದು ಕೇಳಿದ್ದಳು. "ನಿಂಗೆ ಗೊತ್ತಾಗಲ್ಲ, ಮುಟ್ಬ್ಯಾಡ, ಕೆಡ್ತದೆ" ಎಂದಿದ್ದೆ. ಕೆಟ್ಟದ್ದು ಇನ್ನೇನು ಕೆಡುತ್ತದೋ ನಾನು ಯೋಚಿಸಲಿಲ್ಲ.

ಹಾಸನದಿಂದ ಬಂದ ಸಿಟ್ಟಿನಲ್ಲಿ ಮತ್ತೆ ಕೂತೆ. ಮತ್ತೆ ಅದೇ ಕಿರುಚಾಟ. ಅವಳು ಬಾಗಿಲಲ್ಲಿ ನಿಂತಿದ್ದಳು. "ತಗೋ, ನೀನೇ ಮಾಡ್ಕೋ. ನಿನ್ ಕಡಸು ತಾನೆ!" ಎಂದು ಅವಳ ಕೈಗೆ ತುರುಕಿದೆ.

ಅವಳು ಕೂತು ನಿಧಾನವಾಗಿ ಹುಡುಕಲು ಶುರುಮಾಡಿದಳು. ಮಿಷಿನ್ ಉಸಿರೆತ್ತಲಿಲ್ಲ. ಒಂದು ತೆಕ್ಕೆ ಹುಲ್ಲು ಮುಗಿಯಿತು, ಇನ್ನೊಂದು ಮುಗಿಯಿತು. ಅವಳ ಮುಖ ಬಾಡಿತು. "ಕೆಡಿಸ್ಬುಟ್ನೇನೋ ಕಣಕ್ಕ, ಕೂಗೋದೇ ಇಲ್ಲ" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಕಿತ್ತುಕೊಳ್ಳಲು ಎಡಗೈ ಚಾಚಿದೆ. ಮಿಷಿನ್ನಿನ ತುದಿ ನನ್ನ ಮಣಿಕಟ್ಟಿನ ಹತ್ತಿರ ಬಂದದ್ದೇ ತಡ, ಕೀಂ. ಕೈ ಹಿಂದಕ್ಕೆ ತೆಗೆದೆ, ನಿಂತಿತು. ಮುಂದಕ್ಕೆ ತಂದೆ, ಕೀಂ. ಬಳೆ. ಎರಡು ಚಿನ್ನದ ಬಳೆ, ಅದಕ್ಕೆ ನಾನು ಸಿಕ್ಕಿಸಿಕೊಂಡಿದ್ದ ಪಿನ್ನುಗಳ ಗೊಂಚಲು. ಮಿಷಿನ್ ಕಿತ್ತುಕೊಂಡು ಕಾಲ್ಬೆರಳಿಗೆ ಹಿಡಿದೆ, ಕಾಲುಂಗುರಕ್ಕೆ ಕೀಂ. ಬಗ್ಗಿದಾಗ ಜೋಲುವ ತಾಳಿಗೆ ಹಿಡಿದೆ, ಕೀಂ. ಖುಷಿಯಲ್ಲಿ ಕೈ ತಟ್ಟಿಬಿಟ್ಟೆ.

"ಗೊತ್ತಾಯ್ತು ಕಣೇ! ಮಿಷಿನ್ನು ಸರ್ಯಾಗೇ ಐತೆ. ನನ್ ಮೈಮೇಲಿರೋದಕ್ಕೆಲ್ಲಾ ಬಡ್ಕಂತಿತ್ತು ಅದು. ನಿನ್ ಮೈಮೇಲೆ ಏನೂ ಇಲ್ವಲ್ಲಾ, ಅದ್ಕೇ ನಿನ್ ಕೈಲಿ ಸುಮ್ಕಿತ್ತು!"

ಇದನ್ನು ನಾನು ಜೋರಾಗಿ, ನಗುತ್ತ, ಬೀದಿಗೆ ಕೇಳುವಂತೆ ಹೇಳಿದೆ.

ಅವಳು ತನ್ನ ಬರಿ ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಹುಲ್ಲಿನ ಕಡೆ ನೋಡಿದಳು. ಮೈದುನನ ಕಾರ್ಯದ ದಿನ ಅವಳ ಕಾಲುಂಗುರ ತೆಗೆಸಿದ ಹೆಂಗಸರ ಗುಂಪಿನಲ್ಲಿ ನಾನೂ ನಿಂತಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆಡಿದ್ದನ್ನು ಹೇಗೆ ವಾಪಸು ತೆಗೆದುಕೊಳ್ಳುವುದು ಎಂದು ತಿಳಿಯದೆ, "ತಡಿ, ಬಳೆ ಬಿಚ್ಚಿಟ್ಟು ನಾನೇ ಹುಡುಕ್ತೀನಿ" ಎಂದು ಕೈ ಹಿಂಡಿಕೊಳ್ಳತೊಡಗಿದೆ.

ಅವಳು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು. "ಬ್ಯಾಡ ಕಣಕ್ಕ. ಬಳೆ ತಗೀಬ್ಯಾಡ, ಒಳ್ಳೇದಲ್ಲ. ಇಲ್ಲಿ ಕೊಡು, ನಾ ನೋಡ್ತೀನಿ."

ಮಿಷಿನ್ ಇಸಿದುಕೊಂಡು ಮತ್ತೆ ಕೂತಳು. ನಾನು ದೂರ ನಿಂತೆ. ಹತ್ತಿರ ಹೋದರೆ ಕೂಗುತ್ತದಲ್ಲ. ಸಂಜೆ ಹಾಲು ಕರೆಯುವ ಹೊತ್ತಿಗೆ ಅದು ಒಮ್ಮೆ ಕೀಂ ಎಂದಿತು. ಅವಳು ಹುಲ್ಲಿನೊಳಗೆ ಎರಡು ಬೆರಳು ಇಳಿಸಿ ದಬ್ಬಳ ಎಳೆದಳು. "ಸಿಕ್ತು ಕಣಕ್ಕ" ಎಂದು ನಿಜವಾಗಿಯೂ ನಕ್ಕಳು, ಆ ಹುಲ್ಲಿನಿಂದಲೇ ಒಂದು ತೆಕ್ಕೆ ತೆಗೆದು ಕಡಸಿನ ಮುಂದೆ ಹಾಕಿದಳು. ನಾನೂ ನಗಬೇಕಿತ್ತು, ಆಗಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ. ಯಜಮಾನರು ಕೇಳಿದ್ದಕ್ಕೆ ಬಸ್ಸಿನ ಸುಸ್ತು ಎಂದೆ.

ಭಾನುವಾರ ಮಿಷಿನ್ ವಾಪಸು ಒಯ್ಯಲು ತಮ್ಮ ಬಂದ. ಅವಳು ನಮ್ಮ ಅಡುಗೆಮನೆಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೈಸಿಕೊಂಡ ಬೇಜಾರು ಅವನಿಗೆ ಇದ್ದೇ ಇತ್ತು.

"ಏನಾಗಿತ್ತಕ್ಕ ಇದಕ್ಕೆ? ಅಂಗೆ ಬೈದೆಯಲ್ಲ ನನ್ನ" ಎಂದ.

ಹೇಳಬೇಕಾದದ್ದನ್ನು ಅವಳ ಮುಂದೆ ಎರಡನೇ ಸಲ ಹೇಳುವುದು ಹೇಗೆ?

"ಏನೂ ಇಲ್ಲ ಕಣಣ್ಣ, ಬ್ಯಾಟ್ರಿ ವೀಕಾಗಿತ್ತು" ಎಂದಳು ಅವಳು, ಕಾಯಿಯಿಂದ ತಲೆ ಎತ್ತದೆ.

ಅವನು ನನ್ನ ಮುಖ ನೋಡಿದ. ಹೌದೆಂದು ತಲೆಯಾಡಿಸಿ, ಬಳೆ ಸದ್ದಾಗದ ಹಾಗೆ ಒಂದು ಕೈಯಲ್ಲಿ ಇನ್ನೊಂದನ್ನು ಹಿಡಿದುಕೊಂಡು, ಕಾಫಿಗೆ ನೀರಿಡಲು ತಿರುಗಿದೆ.