ಕೋರ್ಟಿನಲ್ಲಿ ಹೇಳಿದ್ದು, ತಂಗಿಗೆ ಹೇಳದ್ದು

ಹೋದ ವಾರ ನನ್ನ ತಂಗಿ ಹಲೀಮಾ ಆಳಂದದ ನನ್ನ ಹೊಲಿಗೆ ಅಂಗಡಿಗೆ ಬಂದಳು. ಹದಿಮೂರು ವರ್ಷದ ಮೇಲೆ! ಜೊತೆಗೆ ಹನ್ನೊಂದು ವರ್ಷದ ಮಗಳು, ಕಂಕುಳಲ್ಲಿ ರೇಷನ್ನಿನ ಕಂಟ್ರೋಲ್ ಬಟ್ಟೆಯ ಗಂಟು.

"ಮದುವಿ ಅರಿವಿ ಹೊಲೀಬೇಕು, ಭಾಯಿ."

"ಯಾರ ಮದುವಿ?"

"ಇಕಿದು. ಇವರಪ್ಪ ತೀರಿಕೊಂಡ ಮ್ಯಾಲ ಇಕಿ ದೊಡ್ಡಪ್ಪನೇ ಯಜಮಾನ. ಅವರೇ ಮಾಡಾಕತ್ತಾರ. ನನ್ನ ಯಾರು ಕೇಳ್ತಾರ?"

ನನ್ನ ಕೈಯಿಂದ ಟೇಪು ಜಾರಿತು. (ನಾಟಕದ ಮಾತಲ್ಲ, ನಿಜವಾಗಿಯೂ ಜಾರಿತು.)

ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುತ್ತೇನೆ. ನಾಲ್ಕನೇ ಜಮಾತಿಗೇ ಓದು ಬಿಟ್ಟವನ ಬುದ್ಧಿ ಎಷ್ಟು, ಬಿಡಿ. ಈ ವಾರ ತಪ್ಪೊಪ್ಪಿಗೆ.

ನಮಗೆ ಅಪ್ಪ ಇರಲಿಲ್ಲ. ಹಲೀಮಾಗೆ ಒಂಬತ್ತು ತುಂಬಿದಾಗ ನಾನೇ ಮುಂದೆ ನಿಂತು ಇಜೇರಿ ಊರಿನ ಒಂದು ಮನೆಗೆ ನಿಕಾಹ್ ಮಾಡಿಕೊಟ್ಟೆ. ಬದಲಿಗೆ ಅದೇ ಮನೆಯ ಹುಡುಗಿಯನ್ನು ನಾನು ಮದುವೆಯಾಗಿ ತಂದುಕೊಂಡೆ. ಅಂದು ಖಾಜಿಯವರು ಪಕ್ಕಕ್ಕೆ ಕರೆದಿದ್ದರು. "ಅಪ್ಪ, ಅಜ್ಜ ಮಾಡಿದ ನಿಕಾಹ್ ಬ್ಯಾರೆ, ಅಣ್ಣ ಮಾಡಿದ್ದು ಬ್ಯಾರೆ. ದೊಡ್ಡಾಕಿ ಆದಕೂಡ್ಲೇ ಹುಡುಗಿ ಒಲ್ಲೆ ಅನ್ನಬಹುದು. ಶರಿಯತ್ ಕೊಟ್ಟ ಹಕ್ಕು. ಆಕಿಗೆ ಹೇಳಪಾ."

ಹೇಳಲಿಲ್ಲ. ದೊಡ್ಡವಳಾದ ದಿನವೂ ಹೇಳಲಿಲ್ಲ.

ಹದಿನೈದಕ್ಕೆ ಇಜೇರಿಯವರು ಕರೆಯಲು ಬಂದರು. ಹಲೀಮಾ ಒಲ್ಲೆ ಎಂದಳು. ಅವರು ಕೋರ್ಟಿಗೆ ಹೋದರು. ಮುನಸೀಫರು ಹಿಂದೂ, ಆದರೆ ನಮ್ಮ ಶರಿಯತ್ತನ್ನು ನನಗಿಂತ ಚೆನ್ನಾಗಿ ಓದಿಕೊಂಡಿದ್ದರು. ಕೇಳಿದ್ದು ಒಂದೇ ಮಾತು. "ಈ ಹಕ್ಕಿನ ವಿಷಯ ತಂಗಿಗೆ ಹೇಳಿದ್ದೆಯೇನು? ಗೊತ್ತಿದ್ದೂ ಸುಮ್ಮನಿದ್ದರ ಹಕ್ಕು ಹೋತು. ಗೊತ್ತಿರಲಿಲ್ಲ ಅಂದರ ಈಗೂ ಐತಿ."

"ದೊಡ್ಡಾಕಿ ಆದ ದಿನಾನೇ ಹೇಳೀನ್ರಿ ಸಾಹೇಬ್ರ," ಅಂದೆ. ಆಣೆ ಮಾಡಿದ ಬಾಯಲ್ಲೇ.

ನಿಜ ಹೇಳಿದ್ದರೆ ಇಜೇರಿಯವರು ನನ್ನ ಹೆಂಡತಿಯನ್ನು ವಾಪಸು ಕರೆದೊಯ್ಯುತ್ತಿದ್ದರು. (ಇದನ್ನು ಆಕೆಯೂ ಓದಿಸಿ ಕೇಳುತ್ತಾಳೆ. ಕೇಳಲಿ.) ನನ್ನ ಮಾತಿನ ಮೇಲೆ ತೀರ್ಪಾಯಿತು, ಮರುವಾರ ಹಲೀಮಾ ಇಜೇರಿಗೆ ಹೋದಳು. ಮತ್ತೆ ತವರಿಗೆ ಕಾಲಿಡಲಿಲ್ಲ.

ಸರ್ಕಾರದ ಕೋರ್ಟಿನಲ್ಲಿ ಧರ್ಮದ ಕಾನೂನು ಇರಬೇಕೆ, ಎಲ್ಲರಿಗೂ ಒಂದೇ ಕಾನೂನು ಬೇಕೆ ಎಂದು ದೊಡ್ಡವರು ಪೇಪರಿನಲ್ಲಿ ವಾದ ಮಾಡುತ್ತಾರೆ. ಓದಿ ಓದಿ ಸಾಕಾಗಿದೆ. ಅಂದು ಶರಿಯತ್ ನನ್ನ ತಂಗಿಯ ಪರ ಇತ್ತು. ಕೋರ್ಟೂ ಇತ್ತು. ಅಣ್ಣ ಇರಲಿಲ್ಲ. ಅದಕ್ಕೆ ಯಾವ ಕಾನೂನು ತರುತ್ತೀರಿ?

ಟೇಪು ಎತ್ತಿಕೊಂಡು ಹುಡುಗಿಯ ತೋಳಿಗೆ ಹಿಡಿದೆ.

"ಅಳತಿ ಆಮ್ಯಾಲ, ಭಾಯಿ," ಅಂದಳು ಹಲೀಮಾ. "ಅಂದು ಕೋರ್ಟಿನ್ಯಾಗ ಹೇಳೀನಿ ಅಂದ್ಯಲ್ಲ, ಅದನ್ನ ಇಕಿಗೆ ಖರೇನ ಹೇಳು. ನಿನ್ನ ಬಾಯಿಲೇ ಹೇಳು. ಅದಕ್ಕ ಬಂದೀನಿ."

ಹೇಳಿದೆ. ದೊಡ್ಡಪ್ಪ ಮಾಡಿಸಿದ ನಿಕಾಹ್‌ಗೂ ಇದೇ ಹಕ್ಕು, ಒಲ್ಲದಿದ್ದರೆ ದೊಡ್ಡವಳಾದ ದಿನವೇ ಬಾಯಿಬಿಟ್ಟು ಹೇಳಬೇಕು, ಸುಮ್ಮನಿರಬಾರದು ಎಂದೆ.

ಹುಡುಗಿ ನನ್ನ ಮುಖವನ್ನೇ ನೋಡಿದಳು. "ನಮ್ಮ ಅಮ್ಮಿಗೂ ಹೇಳಿದ್ರೇನ್ರಿ, ಮಾಮೂ?"

ನಾನು ಬಾಯಿ ತೆರೆಯುವ ಮೊದಲೇ ಹಲೀಮಾ ಅಂದಳು:

"ಹೇಳ್ಯಾರಂತ. ಕೋರ್ಟಿನ ಕಾಗದದಾಗ ಬರದಾರ."